ಕರಿಯೂ ನಾನೇ, ಬಿಳಿಯೂ ನಾನೇ

ಚದುರಂಗದಲ್ಲಿ ನನ್ನನ್ನು ಸೋಲಿಸಿದವರು ರಂಗಂಪೇಟೆಯಲ್ಲಿ ಯಾರೂ ಇಲ್ಲ. ನನ್ನೊಂದಿಗೆ ಆಡಿದವರೂ ಯಾರೂ ಇಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುತ್ತೇನೆ. ಮಂಚದ ಮೇಲೆ ಕೂತು ಬಿಳಿ ಕಾಯಿ ನಡೆಸುತ್ತೇನೆ, ಎದ್ದು ಆ ಕಡೆ ಹೋಗಿ ಕರಿ ಕಾಯಿ ನಡೆಸುತ್ತೇನೆ. ಒಂದು ನಡೆಗೆ ಅರ್ಧ ದಿನ ಯೋಚಿಸಿದ್ದುಂಟು. ಮದುವೆಯ ವಿಷಯದಲ್ಲೂ ಹೀಗೇ "ವಿಚಾರ ಮಾಡಿ ಹೇಳ್ತೀನ್ರಿ" ಅಂದಿದ್ದೆ. ಹೆಣ್ಣಿನ ಕಡೆಯವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

"ಸರ, ಒಳಗ ಯಾರರ ಬಂದಾರೇನ್ರಿ? ಮಾತು ಕೇಳಸಾಕತ್ತೈತಿ," ಎಂದು ಮನೆ ಒಡತಿ ಮಲ್ಲಮ್ಮ ಆಗಾಗ ಹೊರಗಿನಿಂದ ಕೇಳುತ್ತಾರೆ.

"ಯಾರೂ ಇಲ್ರಿ. ನಾನೇ ನನಗ ಬೈಯಾಕತ್ತೇನಿ."

ಹೀಗಿರಲಾಗಿ ಶಹಾಪುರದಲ್ಲಿ ಚೆಸ್ ಪಂದ್ಯವೆಂದು ತಿಳಿಯಿತು. ಬಹುಮಾನದ ಆಸೆ ನನಗಿರಲಿಲ್ಲ. ಐತವಾರದ ರಜೆಗೊಬ್ಬ ಜೊತೆಗಾರ ಸಿಕ್ಕರೆ ಸಾಕಿತ್ತು. ಹೋದೆ.

ಎದುರಿಗೆ ಕೂತವರು ಸಗರದ ಭೀಮರಾಯಪ್ಪ. ನನ್ನದೇ ವಯಸ್ಸು, ನಗುಮುಖ. ಪಕ್ಕದಲ್ಲೊಂದು ಗಡಿಯಾರ. ನಡೆ ಮುಗಿಸಿ ಗುಂಡಿ ಒತ್ತಿದರೆ ನಮ್ಮ ವೇಳೆ ನಿಂತು ಎದುರಿನವರದು ಓಡುತ್ತದೆ. ನಾನು ಮನೆಯಲ್ಲಿದ್ದಂತೆಯೇ ಸಾವಕಾಶವಾಗಿ ಆಡಿದೆ. ತಲೆ ಎತ್ತಿ ನೋಡಿದರೆ ನನಗುಳಿದದ್ದು ಎರಡೇ ನಿಮಿಷ!

ಬಿಳಿ ಕುದುರೆ ನಡೆಸಿ ಗುಂಡಿ ಒತ್ತಿದೆ. ಅವಸರಕ್ಕೆ ಬಿದ್ದ ದೇಹ ಅಲ್ಲಿಗೇ ನಿಲ್ಲಲಿಲ್ಲ. ಅಭ್ಯಾಸಬಲದಿಂದ ಎದ್ದು ಆ ಕಡೆ ಹೋಗಿ, ಭೀಮರಾಯಪ್ಪನವರ ಹೆಗಲ ಮೇಲಿಂದ ಕೈ ಚಾಚಿ, ಅವರ ಕರಿ ರಾಣಿಯನ್ನೂ ನಡೆಸಿ, ಅವರ ಗುಂಡಿಯನ್ನೂ ಒತ್ತಿದೆ!

"ಯಜಮಾನ್ರ, ಅದು ಅವರ ರಾಣಿರೀ," ಎಂದು ತೀರ್ಪುಗಾರರು ರಾಣಿಯನ್ನು ಮೊದಲಿದ್ದಲ್ಲಿಟ್ಟು, ನನ್ನನ್ನೂ ಮೊದಲಿದ್ದಲ್ಲಿ ಕೂರಿಸಿದರು.

ಭೀಮರಾಯಪ್ಪ ಹಲಗೆಯನ್ನೇ ನೋಡುತ್ತಿದ್ದರು. "ಇದು ನನಗ ಕಂಡಿದ್ದಿಲ್ರಿ. ಛಲೋ ತೋರಿಸಿದ್ರಿ," ಎಂದು ಅದೇ ರಾಣಿಯನ್ನು ಅದೇ ಮನೆಗೆ ನಡೆಸಿದರು. ಚೆಕ್‌ಮೇಟ್. ನನ್ನನ್ನು ಸೋಲಿಸಲು ಕೊನೆಗೂ ನಾನೇ ಬೇಕಾಯಿತು.

ಸಂಜೆ ಊರಿಗೆ ಮರಳಲು ಸುರಪುರದ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಕಿಟಕಿಯ ಕೆಳಗೆ ಭೀಮರಾಯಪ್ಪ ಬಂದು ನಿಂತರು.

"ಮನ್ಯಾಗ ನಾನೂ ಒಬ್ಬನೇ ಆಡ್ತೀನ್ರಿ. ಐತಾರ ನಿಮ್ಮ ಮನಿಗಿ ಬರ್ಲೇನ್ರಿ?"

ಇದೊಂದು ಮಾತಿಗಾಗಿಯೇ ನಾನು ಶಹಾಪುರಕ್ಕೆ ಬಂದದ್ದು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

"ವಿಚಾರ ಮಾಡಿ ಹೇಳ್ತೀನ್ರಿ."

ಬಸ್ಸು ಹೊರಟಿತು. ಫೋನ್ ನಂಬರು ಕೇಳಬೇಕಿತ್ತೆಂದು ಹೊಳೆಯುವಾಗ ಶಹಾಪುರ ಹಿಂದೆ ಬಿದ್ದಿತ್ತು. ರಂಗಂಪೇಟೆ ಬಂದಾಗ ನನ್ನ ವಿಚಾರ ಮುಗಿಯಿತು.

"ಬರ್ರಿ," ಎಂದೆ, ಜೋರಾಗಿಯೇ.

ಕಂಡಕ್ಟರ್ ಹಿಂದೆ ಮುಂದೆ ನೋಡಿದ. "ಯಾರಿಗಿ ಕರ್ಯಾಕತ್ತೀರಿ? ನೀವು ಇಳೀರಿ."