ಒಂದನೇ ಕಪಾಟು ಇಲ್ಲದ ಗೋದಾಮು

ಯಂತ್ರ ಕೆಡುವುದಕ್ಕೆ ಹೊತ್ತುಗೊತ್ತಿಲ್ಲ ಎನ್ನುತ್ತಾರೆ. ಸುಳ್ಳು. ನಾನು ಜಂಭ ಕೊಚ್ಚಿದ ಮರುದಿನವೇ ಅದು ಕೆಡುವುದು, ಪ್ರತಿ ಸಲ.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಚಾದರ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಮಾಸ್ತರ. ಹಳೇ ಡಿಸೈನಿನ ಹೆಸರು ಬರೆದರೆ ಅದರ ಸ್ಯಾಂಪಲ್ ಯಾವ ಕಪಾಟು, ಯಾವ ಖಾನೆಯಲ್ಲಿದೆ ಎಂದು ಹೇಳುವ ಸರ್ಚ್ ಕಟ್ಟಿದ್ದೆ. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದದ್ದು ಗೋದಾಮು ನೋಡಿಕೊಳ್ಳುವ, ಎಲ್ಲರೂ ಮಾವಶಿ (ಚಿಕ್ಕಮ್ಮ) ಎಂದು ಕರೆಯುವ ಹೆಂಗಸಿನ ತಲೆ. "ಮಾವಶಿಗಿಂತ ಮೊದಲ ಹುಡುಕತೈತ್ರಿ" ಎಂದುಬಿಟ್ಟೆ, ಅದೂ ಕಾರ್ಖಾನೆಯ ಮಾಲೀಕರಾದ ಸಾವಕಾರರ ಎದುರು.

"ಹೌದಾ? ಅಕ್ಕಲಕೋಟದ ಗಿರಾಕಿ ಬಂದ ದಿನ ನೋಡೋಣು" ಅಂದರು ಸಾವಕಾರರು. "ಸೋತ್ರ ನಿಮ್ಮ ಎಸಿ ರೂಮಿನ್ಯಾಗ ನೂಲಿನ ಗಂಟು ಇಡಸ್ತೀನಿ. ನೀವು ಗೇಟಿನ್ಯಾಗ ಕುಂತು ಗಾಡಿ ನಂಬರ ಬರಕೋರಿ."

೧. ಶ್ರೀಕಾರ

ಮೊದಲ ದಿನ ಸಾವಕಾರರೇ ಕುಳಿತು ಹುಡುಕಿದರು. ಏನೂ ಸಿಗಲಿಲ್ಲ. ಮತ್ತೆ ಹುಡುಕಿದರು. ಸೊನ್ನೆ. ಬಗ್ಗಿ ನೋಡಿದೆ. ಡಿಸೈನಿನ ಹೆಸರಿಗಿಂತ ಮುಂಚೆ "ಶ್ರೀ" ಎಂದು ಬರೆದಿದ್ದರು. ಬರೆದ ಎಲ್ಲ ಶಬ್ದವೂ ಇದ್ದರೆ ಮಾತ್ರ ತೋರಿಸು ಎಂದು ಯಂತ್ರಕ್ಕೆ ನಾನೇ ಹೇಳಿದ್ದೆ, ಯಾವ ಚಾದರದಲ್ಲೂ ಶ್ರೀ ಇರಲಿಲ್ಲ.

"ಶ್ರೀ ತಗೀರಿ ಸಾಹೇಬ್ರ."

"ಅಜ್ಜನ ಕಾಲದಿಂದ ಶ್ರೀ ಬರೀದ ಕಾಗದಕ್ಕ ಪೆನ್ನ ಹಚ್ಚಿಲ್ಲ ನಾವು. ನಿಮ್ಮ ಡಬ್ಬಿ ಸಲುವಾಗಿ ಬಿಡ್ಲೇನು?"

ನಾನು ಒಳಗೆ ಹೋಗಿ, ಶ್ರೀ ಬಂದರೆ ಕೈಮುಗಿದು ಮುಂದೆ ಸಾಗು ಎಂದು ಯಂತ್ರಕ್ಕೆ ಕಲಿಸಿ ಬಂದೆ. ಮರುಕ್ಷಣ ಹದಿನಾಲ್ಕು ಚಾದರ ಸಾಲಾಗಿ ನಿಂತವು. ಸಾವಕಾರರು ಇಡೀ ಆಫೀಸಿಗೆ ಹೇಳಿದರು: "ಶ್ರೀ ಬರೀರಿ, ಸಿಗತೈತಿ. ಮಾಸ್ತರ್ರು ಬರೀತಿದ್ದಿಲ್ಲ, ಅದಕ್ಕ ಕೆಟ್ಟಿತ್ತು."

೨. ಯಂತ್ರದ ಚಹಾ

ಆಮೇಲೆ ಆಫೀಸಿಗೆ ಆಫೀಸೇ ಹುಡುಕಲು ಕೂತಿತು. ಉತ್ತರ ತುಸು ತಡವಾದರೆ ಮಾರಾಟದ ಮ್ಯಾನೇಜರು ಲಿಫ್ಟಿನ ಬಟನ್ ಒತ್ತಿದಂತೆ ನಲವತ್ತು ಸಲ ಒತ್ತುತ್ತಿದ್ದರು. (ನಾಲ್ಕೇ ಸಲ ಅನ್ನುವವರಿದ್ದಾರೆ. ಅವರನ್ನು ನಂಬಬೇಡಿ.) ಯಂತ್ರಕ್ಕೆ ಉಸಿರು ಕಟ್ಟಿ, ಪರದೆಯ ಮೇಲೆ ಕೆಂಪಗೆ ಇಂಗ್ಲಿಷಿನಲ್ಲಿ ಬೈಯುತ್ತಿತ್ತು. ಅವರು ಅದಕ್ಕೂ ನಲವತ್ತು ಸಲ ಒತ್ತುತ್ತಿದ್ದರು.

ಪಾಪ, ನನ್ನ ರೂಮಿನಲ್ಲಿ ಹತ್ತಿಯ ಧೂಳು ತಾಗದಿರಲೆಂದು ಗೋದಾಮಿನ ಹಳೇ ಚಾದರ ಹೊದ್ದು ಕೂತ ಪೆಟ್ಟಿಗೆ ಅದು. ಚಾದರದ ಬಣ್ಣ ಯಾವುದೆಂಬುದು ಧೂಳಿಗೇ ಗೊತ್ತು.

ಒಂದು ಮುಂಜಾನೆ ಆ ಬೈಗುಳ ತೆಗೆದು ನಾನು ಹೀಗೆ ಬರೆದಿಟ್ಟೆ: "ದಣದೀನಿ. ಎಲ್ಲಾರಿಗೂ ಚಹಾ ಹೇಳ್ರಿ, ಆಮ್ಯಾಲ ಹುಡುಕತೀನಿ."

ಮ್ಯಾನೇಜರು ಗಾಬರಿಯಾಗಿ ಚಹಾ ಹೇಳಿದರು. ಎಲ್ಲರೂ ಕುಡಿಯುವಷ್ಟರಲ್ಲಿ ಯಂತ್ರ ಸುಧಾರಿಸಿಕೊಂಡಿತ್ತು. ಒಂದೇ ಒತ್ತಿಗೆ ಉತ್ತರ ಬಂತು. ಅಂದಿನಿಂದ ಅವರು ಯಂತ್ರದ ಎದುರೂ ಒಂದು ಕಪ್ಪು ಇಡಿಸುತ್ತಾರೆ. ಅದು ಹೇಗೆ ಖಾಲಿಯಾಗುತ್ತದೆಂದು ನಾನು ಹೇಳುವುದಿಲ್ಲ.

೩. ಲಾಭ

ಕೊನೆಗೆ ಗಿರಾಕಿ ಬಂದ. ಅಕ್ಕಲಕೋಟದಲ್ಲಿ ಯಾತ್ರಿಕರು ಇಳಿಯುವ ಲಾಡ್ಜಿನ ಮ್ಯಾನೇಜರು. "ಕೆಂಪ ಅಂಚು, ನಡುವ ಜೋಡಿ ನವಿಲು. ಹಿಂದ ನಿಮ್ಮಲ್ಲೇ ಒಯ್ದಿದ್ವಿ. ಸ್ಯಾಂಪಲ್ ಸಿಕ್ರ ಎಲ್ಲಾ ಖೋಲಿಗೂ ಅದ ಬೇಕು."

ಮಾವಶಿ ಬಾಗಿಲಲ್ಲಿ ನಿಂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಶ್ರೀ ಬರೆದೆ, ಜೋಡಿ ನವಿಲು ಬರೆದೆ, ಒತ್ತಿದೆ.

ಸೊನ್ನೆ.

"ಮಾವಶಿ, ನಿಂಗ ಗೊತ್ತೇನ?" ಎಂದರು ಸಾವಕಾರರು.

"ಗೊತ್ತೈತ್ರಿ. ಮೊದಲ ಮಶೀನ ಹೇಳ್ಲಿ. ನನಗೇನ ಅವಸರಿಲ್ಲ."

ಗೇಟಿನ ಬಳಿ ಖಾಲಿ ಕುರ್ಚಿ ಕಾಣುತ್ತಿತ್ತು. ಯಂತ್ರದ ತಪ್ಪುಗಳ ಪಟ್ಟಿ ತೆಗೆದೆ. ನೂರಾರು ಸಾಲು, ಎಲ್ಲದರಲ್ಲೂ ಒಂದೇ ತಕರಾರು: ಕಪಾಟಿನ ನಂಬರ್ ಇರಬೇಕಾದಲ್ಲಿ ಅಂಕಿ ಇಲ್ಲ, ಅದಕ್ಕೇ ಸೇರಿಸಿಕೊಂಡಿಲ್ಲ. ಮಾವಶಿ ಕೊಟ್ಟ ಯಾದಿಯನ್ನು ನಾನು ಓದದೆ ಒಂದೇ ಏಟಿಗೆ ತುಂಬಿದ್ದೆ.

"ಮಾವಶಿ, ಒಂದನೇ ಕಪಾಟು ಯಾವುದು?"

"ಒಂದನೇದಾ? ನಮ್ಮ ಗೋದಾಮಿನ್ಯಾಗ ಒಂದ ಇಲ್ಲಪಾ."

"ಮತ್ತ?"

"ಲಾಭ, ಎರಡು, ಮೂರು. ಜ್ವಾಳಾ ಅಳಿಯೂಮುಂದ ನಿಮ್ಮವ್ವ ಹೆಂಗ ಎಣಸ್ತಿದ್ಲು? ಒಂದಂತ ಸುರು ಮಾಡ್ತಾರೇನ ಯಾರರ?"

ಹೌದು! ಮಂಗಳವೇಢೆಯ ನಮ್ಮ ಮನೆಯಲ್ಲೂ ಮೊದಲನೇ ಸೇರು ಲಾಭವೇ. ಲಾಭ ಅಂದರೆ ಒಂದು ಎಂದು ಯಂತ್ರಕ್ಕೆ ಹೇಳಿ ಯಾದಿ ಮತ್ತೆ ತುಂಬಿದೆ. ಅದು ದಣಿದು ಚಹಾ ಕೇಳಿತು. ಗಿರಾಕಿ ಸಮೇತ ಎಲ್ಲರೂ ಕುಡಿದೆವು. ಒತ್ತಿದೆ. "ಜೋಡಿ ನವಿಲು. ಲಾಭ ಕಪಾಟು, ಮೂರನೇ ಖಾನೆ."

"ಗೆದ್ದೆ!" ಎಂದು ಗೋದಾಮಿಗೆ ಓಡಿದೆ. ಮೂರನೇ ಖಾನೆ ಖಾಲಿ.

ಮಾವಶಿ ನನ್ನ ರೂಮಿಗೆ ಹೋಗಿ, ಪೆಟ್ಟಿಗೆಯ ಮೇಲಿನ ಚಾದರ ಎಳೆದು, ಅಂಗಳದಲ್ಲಿ ಎರಡು ಸಲ ಝಾಡಿಸಿದಳು. ಧೂಳು ಹಾರಿತು, ಜೋಡಿ ನವಿಲು ಕಂಡವು.

"ಹೋದ ವರ್ಷ ಕೇಳದ ಒಯ್ದಾನ್ರಿ ಈ ಮಾಸ್ತರ."

ಗಿರಾಕಿ ಅಲ್ಲೇ ಎಲ್ಲ ಖೋಲಿಗೂ ಆರ್ಡರ್ ಕೊಟ್ಟ. ಸಾವಕಾರರಂತೂ ಕುಣಿದಾಡಿದರು: "ಏನ್ ಮಶೀನ್ರೀ! ತನ್ನ ಮೈಮ್ಯಾಲಿನ ಅರಿವಿ ತಾನ ಹುಡುಕೇತಿ!" ರೂಮು ನನಗೇ ಉಳಿಯಿತು. ಮೇಲೆ ನನ್ನ ಹೆಗಲಿಗೆ ಹೊಸ ಚಾದರ ಹೊದಿಸಿ ಸತ್ಕಾರ ಬೇರೆ.

ಚಪ್ಪಾಳೆ ನಿಲ್ಲುವ ಮೊದಲೇ ಮಾವಶಿ ಯಾದಿ ಹಿಡಿದು ಬಂದಳು: "ಬರಕೋ ತಮ್ಮಾ. ಹೊಸಾ ಚಾದರ, ಕಪಾಟು ಮಾಸ್ತರ, ಖಾನೆ ಹೆಗಲು. ನಾಳೆ ಮತ್ತ ಹುಡುಕೂದು ಬ್ಯಾಡ."