ಎರಡನೇ ತೊಟ್ಟಿಯ ಚಿಗಟಗಳು

ಪ್ರಯೋಗಾಲಯದ ಅಟೆಂಡರ್‌ಗೆ ಎರಡು ದಿನ ಜ್ವರ ಬಂದದ್ದೇ ತಪ್ಪಾಯಿತು. ಮೂರನೇ ದಿನ ಬೆಳಗ್ಗೆ ಬಂದು ನೋಡಿದರೆ ಎರಡನೇ ಗಾಜಿನ ತೊಟ್ಟಿಯ ನೀರುಚಿಗಟಗಳೆಲ್ಲ ಸತ್ತು, ಗಸಗಸೆ ಚೆಲ್ಲಿದಂತೆ ತಳದಲ್ಲಿ ಬಿದ್ದಿದ್ದವು. ಹೊರಗಿನಿಂದ ತಜ್ಞರು ತಪಾಸಣೆಗೆ ಬರುವ ದಿನವೂ ಅದೇ.

ಆ ಎರಡು ತೊಟ್ಟಿಗಳು ಪ್ರೊಫೆಸರರ ಆರು ವರ್ಷದ ತಪಸ್ಸು. ಮೊದಲನೆಯದರಲ್ಲಿ ಚಿಗಟಕ್ಕೆ ಅಂಟಿದ ರೋಗಾಣು ತಾಯಿಯಿಂದ ಮರಿಗೆ ಮಾತ್ರ ದಾಟಬೇಕು. ತಾಯಿಯನ್ನು ಬೇಗ ಕೊಂದ ರೋಗಾಣು ತಾನೂ ಅಲ್ಲೇ ಮುಗಿಯುತ್ತಿತ್ತು. ಹಾಗಾಗಿ ಕಡೆಗೆ ಸಾಧು ರೋಗಾಣುಗಳಷ್ಟೇ ಉಳಿದಿದ್ದವು. ಎರಡನೆಯದಕ್ಕೆ ಅಟೆಂಡರ್ ದಿನಾ ಹೊಸ ಚಿಗಟ ಸುರಿಯುತ್ತಿದ್ದ. ಒಂದು ಸತ್ತರೆ ಇನ್ನೊಂದು ಪಕ್ಕದಲ್ಲೇ ಸಿಗುವಾಗ ದಾಕ್ಷಿಣ್ಯ ಯಾಕೆ? ಅಲ್ಲಿನ ರೋಗಾಣು ಬೆಳಗಿನ ಚಿಗಟವನ್ನು ಸಂಜೆಯೊಳಗೆ ಮುಗಿಸುವಷ್ಟು ಕ್ರೂರವಾಗಿತ್ತು. ಎರಡು ದಿನ ಹೊಸಬರು ಬಾರದೆ ಅದರ ಮನೆಯೇ ಖಾಲಿಯಾಗಿತ್ತು.

"ಅಕ್ಕ, ನನ್ನ ಕತೆ ಮುಗೀತು," ಎಂದು ಅವನು ಟೈಪಿಸ್ಟ್ ಬಳಿಗೆ ಓಡಿದ. "ನಾಳೆಯಿಂದ ಲೈಬ್ರರಿಗೆ ವರ್ಗ ಅಂತಿದ್ರು. ಇನ್ನು ಮನೆಗೇ ಕಳಿಸ್ತಾರೆ."

ಟೈಪಿಸ್ಟ್ ಕನ್ನಡಕ ಏರಿಸಿ ಇಣುಕಿದರು. "ಚಿಗಟಕ್ಕೇನು ಮುಖ ಇದೆಯೇನೋ ಗುರುತು ಹಿಡಿಯೋಕೆ? ತೊಟ್ಟಿ ತಿಕ್ಕಿ ತೊಳೆದು, ಪಕ್ಕದ ತೊಟ್ಟಿಯಿಂದ ಒಂದು ಲೋಟ ಸುರಿ."

ಸುರಿದ. ತಜ್ಞರೂ ಬಂದರು.

"ನೋಡಿ ಸರ್, ಸಂಜೆಯೊಳಗೆ ಇವು ಒಂದೂ ಉಳಿಯಲ್ಲ," ಎಂದರು ಪ್ರೊಫೆಸರರು, ಜಂಬದಿಂದ.

"ಹಾಗಾದ್ರೆ ಕೂತು ನೋಡೇ ಬಿಡೋಣ," ಎಂದು ತಜ್ಞರು ಕುರ್ಚಿ ಎಳೆದುಕೊಂಡರು.

ಮೂರು ಸಲ ಚಹಾ ಬಂತು. ಚಿಗಟಗಳು ಶಾಲೆಗೆ ರಜೆ ಸಿಕ್ಕ ಮಕ್ಕಳಂತೆ ಕುಣಿಯುತ್ತಲೇ ಇದ್ದವು. ಪ್ರೊಫೆಸರರ ಮುಖ ಸುಟ್ಟ ಬದನೆಕಾಯಿಯಾಯಿತು.

"ಹೊಸ ನೀರಲ್ವಾ ಸರ್, ಖುಷಿಯಾಗಿವೆ," ಎಂದರು ಟೈಪಿಸ್ಟ್. ಅಟೆಂಡರ್ ಜೋರಾಗಿ ಕೆಮ್ಮಿದ.

ಐದು ಗಂಟೆಗೆ ಅವನಿಂದ ತಡೆಯಲಾಗಲಿಲ್ಲ. "ಸರ್, ತಪ್ಪು ನಂದೇ. ಎರಡು ದಿನ ನಾನು ಹೊಸ ಚಿಗಟ ಹಾಕಿರ್ಲಿಲ್ಲ..."

"ತಪ್ಪೇನಪ್ಪ?" ತಜ್ಞರು ಎದ್ದೇ ನಿಂತರು. "ಎರಡೇ ದಿನಕ್ಕೆ ಇಂಥ ಕ್ರೂರಿ ಸಾಧು ಆಯ್ತಾ? ಇದನ್ನ ಯಾರೂ ಕಂಡಿಲ್ಲ. ಪ್ರೊಫೆಸರ್, ಇನ್ನೂ ಆರು ವರ್ಷಕ್ಕೆ ಹಣ ಮಂಜೂರು ಮಾಡ್ತೀನಿ. ಆದ್ರೆ ಇದು ಇವನ ಕೈಯಲ್ಲೇ ಆಗಬೇಕು."

ಪ್ರೊಫೆಸರರು ಆಗಲೇ ಲೈಬ್ರರಿಗೆ ಫೋನ್ ಮಾಡಿ ವರ್ಗ ಬೇಡವೆಂದಿದ್ದರು. ಬೆಳಗ್ಗೆಯಿಂದ ಜ್ವರದ ವಿಷಯ ಎತ್ತದವರು ಈಗ ಅವನ ಹಣೆ ಮುಟ್ಟಿ ನೋಡಿದರು.

"ನಾಳೆಯಿಂದ ಮಧ್ಯಾಹ್ನ ಒಂದು ಗಂಟೆ ಮಲಕ್ಕೋ. ಹಾಲು ಗೀಲು ಕುಡಿ," ಎಂದರು ಮಮತೆಯಿಂದ. "ಇಷ್ಟು ದಿನ ನಿನ್ನ ತುಂಬಾ ಹಿಂಡಿಬಿಟ್ಟೆ ಕಣಯ್ಯ. ಇನ್ನೂ ಆರು ವರ್ಷ ಬಾಳಿಕೆ ಬರಬೇಕಲ್ಲ ನೀನು."