ನಮ್ಮ ಮಾವನ ಅಲಂಕಾರದ್ವೇಷ

ಇಡೀ ಶನಿವಾರಸಂತೆ ಊರಿನಲ್ಲಿ ಉಪಮಾಲಂಕಾರದ ಮೇಲೆ ಹಗೆ ಸಾಧಿಸುವವರು ಒಬ್ಬರೇ ಇದ್ದಾರೆ. ಆ ಮಹಾನುಭಾವರು ನನ್ನ ಮಾವನೇ ಆಗಬೇಕಿತ್ತೆ? ನಾನೋ ಹೈಸ್ಕೂಲಿನ ಕನ್ನಡ ಮೇಡಂ. ಅವರು ಊರೂರು ಜಮೀನು ಅಳೆದು ನಿವೃತ್ತರಾದ ಸರ್ವೇಯರು. ಅಳೆಯಲು ಈಗ ಜಮೀನಿಲ್ಲವಲ್ಲ, ಹಾಗಾಗಿ ನನ್ನ ಪಾಠ ಅಳೆಯುತ್ತಾರೆ.

ಪರೀಕ್ಷೆ ಹತ್ತಿರ ಬಂದಾಗ ಹತ್ತನೇ ತರಗತಿಯ ಕೆಲವು ಮಕ್ಕಳು ಅಲಂಕಾರ ಕಲಿಯಲು ಸಂಜೆ ನಮ್ಮ ಜಗಲಿಗೆ ಬರುತ್ತಾರೆ. ಮಾವನ ಕುರ್ಚಿಯೂ ಅಲ್ಲೇ. ಮುಖಕ್ಕೆ ಪೇಪರು ಅಡ್ಡ, ಕಿವಿ ಮಾತ್ರ ನಮ್ಮ ಕಡೆ.

"ಸೀತೆಯ ಮುಖ ಕಮಲದಂತೆ ಅರಳಿತು. ಇಲ್ಲಿ ಮುಖ ಉಪಮೇಯ, ಕಮಲ ಉಪಮಾನ," ಎನ್ನುವಷ್ಟರಲ್ಲಿ ಪೇಪರಿನ ಹಿಂದಿನಿಂದ ತಕರಾರು.

"ಮುಖ ಅಷ್ಟು ಅರಳಿದ್ರೆ ಅದು ಬಾವು ಕಣಮ್ಮ. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು."

ಸಾಕಪ್ಪಾ ಎಂದು ರೂಪಕಕ್ಕೆ ಹಾರಿದೆ. "ಸಂಸಾರವೆಂಬ ಸಾಗರ."

"ಸಂಸಾರ ಸಾಗರ ಆಗಿದ್ರೆ ಬೇಸ್ಗೇಲಿ ನಮ್ಮನೆ ಬಾವಿ ಯಾಕೆ ಬತ್ತೋಯ್ತದೆ?"

ಮನೆಯೊಳಗಷ್ಟೇ ಈ ಪ್ರತಾಪವೆಂದುಕೊಳ್ಳಬೇಡಿ. ಮಂಡಿನೋವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಹೇಗಾಗ್ತದೆ? ಸೂಜಿ ಚುಚ್ಚಿದ ಹಾಗಾ, ಬೆಂಕಿ ಇಟ್ಟ ಹಾಗಾ?" ಎಂದು ಆ ಪಾಪದ ಮನುಷ್ಯ ಕೇಳಿದರು.

"ಮಂಡಿಗೆ ಯಾರೂ ಬೆಂಕಿ ಇಟ್ಟಿಲ್ಲ ಸಾರ್, ಹೆಂಗೆ ಹೇಳ್ಲಿ? ನೋವು ನೋವಿನ ಥರಾನೇ ಅದೆ."

ಡಾಕ್ಟರು ಒಂದು ಮುಲಾಮು ಬರೆದು ಕೈತೊಳೆದುಕೊಂಡರು. ಒಂದನ್ನು ಅದಕ್ಕೇ ಹೋಲಿಸಿದರೆ ಅದೂ ಅಲಂಕಾರವೇ, ಅನನ್ವಯ ಅಂತ. ನಾನು ಹೇಳಲಿಲ್ಲ. ಹೇಳಿದ್ದರೆ ಅವಮಾನಕ್ಕೆ ಮಾವ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಿದ್ದರೇನೋ. ಛೆ, ಹೇಳಬೇಕಿತ್ತು!

ಕೊನೆಗೆ ಬಾಯಿ ಮುಚ್ಚಿದ್ದು ಮಕ್ಕಳು. ಸ್ವಂತ ಉಪಮೆ ಬರೆಯಿರಿ ಎಂದರೆ ಗೈಡಿನ ಚಂದ್ರನನ್ನೇ ಬರೆದು, ಹೆದರಿಕೊಂಡು ಕುರ್ಚಿಯ ಕಡೆ ನೋಡುತ್ತಿದ್ದವು. ಪರೀಕ್ಷೆಗೆ ಉಳಿದದ್ದು ಒಂದೇ ವಾರ.

ಅವರಲ್ಲಿ ಒಬ್ಬಳ ಅಪ್ಪ, ಪಿಕಪ್ ಓಡಿಸುತ್ತಿದ್ದವನು, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಆಮೇಲೆ ಹುಡುಗಿ ಮಾತೇ ಕಡಿಮೆ ಮಾಡಿದ್ದಳು. ಆ ವಾರದ ಒಂದು ಸಂಜೆ ತಾನಾಗಿಯೇ "ನಾನು ಓದ್ಲಾ ಮಿಸ್?" ಎಂದಳು. ಮಾವ ಈಗೇನಾದರೂ ಕೊಂಕು ತೆಗೆದರೆ ಕುರ್ಚಿಯನ್ನು ಕೊಟ್ಟಿಗೆಗೆ ಸಾಗಿಸುವುದೆಂದು ನಿರ್ಧರಿಸಿದೆ.

"ಕರೆಂಟು ಹೋಗಿದ್ದರೂ ಕೈ ಸ್ವಿಚ್ಚಿಗೆ ಹೋಗುವಂತೆ, ಅಮ್ಮ ಈಗಲೂ ಅಪ್ಪನನ್ನು ಕರೆಯುತ್ತಾಳೆ."

ಪೇಪರು ಕೆಳಗಿಳಿಯಿತು.

"ಇನ್ನೊಂದ್ಸಲ ಓದವ್ವ," ಎಂದರು ಮಾವ.

ಅವಳು ಓದಿದಳು.

"ಹೂಂ. ಹಂಗೇ ಆಯ್ತದೆ. ಬಾಯಿಗೆ ಮೊದ್ಲು ಬತ್ತದೆ, ಇಲ್ಲ ಅನ್ನೋದು ಆಮೇಲೆ ಗೊತ್ತಾಯ್ತದೆ."

ಅತ್ತೆ ಹೋಗಿ ವರ್ಷದ ಮೇಲಾಯಿತು. ಅಡಿಗೆಮನೆಯ ಕಡೆ ತಿರುಗಿ ಮಾವ "ಇವಳೇ" ಎಂದಾಗಲೆಲ್ಲ, ಕರೆದದ್ದು ನನ್ನನ್ನೇ ಎಂದುಕೊಂಡು ಕಾಫಿ ತಂದುಕೊಡುತ್ತಿದ್ದೆ. ಅವರು ಒಮ್ಮೆ ನನ್ನ ಮುಖ ನೋಡಿ, ಲೋಟ ತೆಗೆದುಕೊಂಡು ಕುಡಿಯುತ್ತಿದ್ದರು.